ದುರ್ಯೋಧನನಿಗಾಗಿ ಅತ್ತ ಮೇಲೆ ಏನು ಬರೆಯುವುದು?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿ ಐಚ್ಛಿಕ ಕನ್ನಡ ಓದುತ್ತಿದ್ದೇನೆ. ಈ ಸೆಮಿಸ್ಟರ್‌ನಲ್ಲಿ ‘ಕತೆಗಳ ನಾಯಕರು, ಪ್ರತಿನಾಯಕರು’ ಎಂಬ ವಿಷಯ ಕೊಟ್ಟು ಎಲ್ಲರಿಂದಲೂ ಸೆಮಿನಾರ್ ಮಾಡಿಸಿದರು. ಒಬ್ಬರು ರನ್ನನ ದುರ್ಯೋಧನ, ಒಬ್ಬರು ಪಂಪನ ಕರ್ಣ, ಒಬ್ಬರು ಜೈನ ರಾಮಾಯಣದ ರಾವಣ, ಇನ್ನೊಬ್ಬರು ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ಮತ್ತೊಬ್ಬ ‘ಓಂ’ ಸಿನಿಮಾದ ಸತ್ಯ. ಈಗ ಸಹಪಾಠಿಗಳ ಸೆಮಿನಾರುಗಳನ್ನು ಕೇಳಿ ನಮಗೆ ಅನಿಸಿದ್ದನ್ನು 4 ಪುಟ ಬರೆದುಕೊಡಬೇಕು. ‘ಎಲ್ಲರೂ ಚೆನ್ನಾಗಿ ಮಂಡಿಸಿದರು’ ಎಂದು ಬರೆದೆ. ಪೆನ್ನು ಅಲ್ಲಿಗೇ ನಿಂತಿದೆ. ದುರ್ಯೋಧನನ ಸೆಮಿನಾರ್ ಕೇಳುವಾಗ ನನಗೆ ಕಣ್ಣಲ್ಲಿ ನೀರು ಬಂತು. ಮುಗಿದ ಮೇಲೆ ಹಿಂದಿನ ಬೆಂಚಿನ ಒಬ್ಬಳು ಎದ್ದು ‘ಹಾಗಾದರೆ ದ್ರೌಪದಿ?’ ಎಂದಳು. ಯಾರೂ ಉತ್ತರ ಕೊಡಲಿಲ್ಲ, ಅಷ್ಟರಲ್ಲಿ ಬೆಲ್ಲಾಯಿತು. ನಾನು ಅತ್ತದ್ದು ತಪ್ಪೇ? ಇನ್ನೊಂದು ಅನುಮಾನ: ಪ್ರತಿನಾಯಕ ಎಂದರೆ ಖಳನಾಯಕನೋ, ಆಂಟಿಹೀರೋನೋ? ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಥರ ಬಳಸಿದರು.

ಉತ್ತರ: ನಿಮ್ಮ ಬರಹ ಎಲ್ಲಿಂದ ಶುರುವಾಗಬೇಕು ಎಂಬುದನ್ನು ನೀವೇ ಪ್ರಶ್ನೆಯೊಳಗೆ ಹೇಳಿಬಿಟ್ಟಿದ್ದೀರಿ. ಕಣ್ಣಲ್ಲಿ ನೀರು ಬಂದ ಗಳಿಗೆ, ಆಮೇಲೆ ಹಿಂದಿನ ಬೆಂಚಿನಿಂದ ಬಂದ ಆ ಎರಡು ಪದ, ಆಮೇಲಿನ ಮೌನ. ‘ಎಲ್ಲರೂ ಚೆನ್ನಾಗಿ ಮಂಡಿಸಿದರು’ ಎಂಬ ಸಾಲನ್ನು ಹೊಡೆದುಹಾಕಿ. ಅದರಿಂದ ಮಂಡಿಸಿದವರಿಗೂ ಉಪಕಾರವಿಲ್ಲ, ನಿಮಗೂ ಇಲ್ಲ. ನಿಮ್ಮ ಅಧ್ಯಾಪಕರು ಕೇಳಿರುವುದು ಅಂಕಪಟ್ಟಿಯನ್ನಲ್ಲ. ಒಂದು ಸೆಮಿನಾರ್ ಕೇಳುವ ಮೊದಲು ನಿಮಗೆ ಏನು ಅನ್ನಿಸಿತ್ತು, ಕೇಳಿದ ಮೇಲೆ ಏನು ಅನ್ನಿಸಿತು, ಆ ಎರಡರ ನಡುವೆ ಯಾವ ಮಾತು ಬಿತ್ತು ಎಂಬುದನ್ನು ಅವರು ಕೇಳುತ್ತಿದ್ದಾರೆ.

ಅತ್ತದ್ದು ತಪ್ಪಲ್ಲ. ರನ್ನ ಅಳಿಸಬೇಕೆಂದೇ ಬರೆದಿದ್ದಾನೆ. ಆದರೆ ಅಳಿಸಿದ ಕವಿ ಇನ್ನೇನನ್ನು ಮಾಡಿದ್ದಾನೆ ಎಂಬುದನ್ನೂ ನೋಡಬೇಕು. ಅಲ್ಲಿಗೆ ಬರುತ್ತೇನೆ. ಮೊದಲು ಪದಗಳ ಗೊಂದಲ ಬಿಡಿಸೋಣ, ಏಕೆಂದರೆ ನಿಮ್ಮ ತರಗತಿಯ ಅರ್ಧ ಜಗಳ ಅದರಿಂದಲೇ ಹುಟ್ಟಿರುವಂತಿದೆ.

‘ಪ್ರತಿನಾಯಕ’ ಸಂಸ್ಕೃತ ನಾಟ್ಯಶಾಸ್ತ್ರದವರ ಪದ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಧನಂಜಯ ಎಂಬ ಪಂಡಿತ ‘ದಶರೂಪಕ’ ಎಂಬ ಗ್ರಂಥ ಬರೆದ. ಅದರಲ್ಲಿ ನಾಯಕರು ನಾಲ್ಕು ಬಗೆ: ಧೀರೋದಾತ್ತ (ಗಂಭೀರ), ಧೀರೋದ್ಧತ (ಸೊಕ್ಕಿನವನು), ಧೀರಲಲಿತ (ಸುಖಪ್ರಿಯ), ಧೀರಶಾಂತ (ಶಾಂತ). ಪ್ರತಿನಾಯಕನಿಗೆ ಅವನು ಕೊಡುವ ಲಕ್ಷಣ ಒಂದೇ ಸಾಲಿನದು: ಲೋಭಿ, ಧೀರೋದ್ಧತ, ಹಟಮಾರಿ, ಪಾಪ ಮಾಡುವವನು, ವ್ಯಸನಿ, ನಾಯಕನ ಶತ್ರು. ರಾಮನಿಗೆ ರಾವಣ, ಯುಧಿಷ್ಠಿರನಿಗೆ ದುರ್ಯೋಧನ ಎಂದು ವ್ಯಾಖ್ಯಾನಕಾರರು ಉದಾಹರಣೆ ಕೊಡುತ್ತಾರೆ. ಅಂದರೆ ಪ್ರತಿನಾಯಕ ನಾಯಕನ ಎದುರು ನಿಂತವನು. ನಾಯಕನಿಲ್ಲದೆ ಅವನಿಲ್ಲ. ನಮ್ಮ ಯಕ್ಷಗಾನದವರು ‘ಎದುರು ವೇಷ’ ಎನ್ನುತ್ತಾರಲ್ಲ, ಅದು ಈ ಅರ್ಥಕ್ಕೆ ಅಚ್ಚುಕಟ್ಟಾದ ಕನ್ನಡ.

ಆಂಟಿಹೀರೋ ಬೇರೆ. ಅವನು ಯಾರಿಗೂ ಎದುರು ನಿಂತವನಲ್ಲ, ನಾಯಕನ ಜಾಗದಲ್ಲೇ ಕೂತವನು. ಕತೆ ಅವನದೇ, ನಾವು ಹೋಗುವುದು ಅವನ ಜೊತೆಗೇ, ಆದರೆ ನಾಯಕನಿಂದ ನಾವು ಬಯಸುವ ಶೌರ್ಯ, ದೃಢತೆ, ನಿಶ್ಚಯ ಅವನಲ್ಲಿ ಇಲ್ಲ. ರಷ್ಯಾದ ದಾಸ್ತಯೇವ್‌ಸ್ಕಿ 1864ರಲ್ಲಿ ಪ್ರಕಟಿಸಿದ ಒಂದು ಕಿರುಕಾದಂಬರಿಯ ಕೊನೆಯಲ್ಲಿ ನಿರೂಪಕನೇ ಈ ಪದ ಎತ್ತುತ್ತಾನೆ: ಕಾದಂಬರಿಗೆ ನಾಯಕ ಬೇಕು, ಇಲ್ಲಿ ನೋಡಿದರೆ ನಾಯಕನಿಗೆ ವಿರುದ್ಧವಾದ ಲಕ್ಷಣಗಳನ್ನೇ ಹುಡುಕಿ ಒಟ್ಟು ಮಾಡಿದೆ ಎಂಬ ಅರ್ಥದಲ್ಲಿ. ಕನ್ನಡ ವಿಮರ್ಶೆ ಇದಕ್ಕೆ ‘ಪ್ರತಿನಾಯಕ’ ಎಂದೂ ‘ಅನಾಯಕ’ ಎಂದೂ ಎರಡು ಪದ ಬಳಸಿದೆ. ನಿಮ್ಮ ತರಗತಿಯ ಗೊಂದಲದ ಬೇರು ಅಲ್ಲಿದೆ. ನನ್ನ ಸಲಹೆ: ಎದುರಾಳಿಗೆ ಪ್ರತಿನಾಯಕ, ಆಂಟಿಹೀರೋಗೆ ಅನಾಯಕ ಎಂದು ಇಟ್ಟುಕೊಳ್ಳಿ, ಬರಹದ ಮೊದಲಲ್ಲೇ ಹಾಗೆಂದು ಹೇಳಿಬಿಡಿ. ಆಗ ನಿಮ್ಮ ಐದು ಸೆಮಿನಾರುಗಳಲ್ಲಿ ಪ್ರಾಣೇಶಾಚಾರ್ಯ ಒಂದು ಕಡೆ, ದುರ್ಯೋಧನ-ರಾವಣರು ಇನ್ನೊಂದು ಕಡೆ ತಾವಾಗಿ ಸರಿಯುತ್ತಾರೆ. ಕರ್ಣನನ್ನು ಎಲ್ಲಿ ಕೂರಿಸುವುದು ಎಂಬುದು ಸುಲಭವಲ್ಲ, ಅದು ಒಳ್ಳೆಯದೇ.

ಧನಂಜಯನ ವಿಷಯ ಬಂತಲ್ಲ, ಅಲ್ಲೊಂದು ಇತಿಹಾಸದ ಸಂಗತಿಯಿದೆ. ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಮೈ ಜುಮ್ಮೆಂದಿದೆ. ಧನಂಜಯ ಇದ್ದದ್ದು ಮಾಳವದ ಪರಮಾರ ರಾಜ ಮುಂಜನ ಆಸ್ಥಾನದಲ್ಲಿ. ಆ ಮುಂಜನನ್ನು ಯುದ್ಧದಲ್ಲಿ ಸೆರೆಹಿಡಿದು ಕೊಲ್ಲಿಸಿದವನು ಚಾಲುಕ್ಯ ಚಕ್ರವರ್ತಿ ತೈಲಪ. ಆ ತೈಲಪನಿಂದಲೇ ‘ಕವಿಚಕ್ರವರ್ತಿ’ ಬಿರುದು ಪಡೆದವನು, ಅವನ ಮಗ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಿಗೆ ಹೋಲಿಸಿ ಕಾವ್ಯ ಬರೆದವನು, ಮುಧೋಳದ ಬಳೆಗಾರರ ಮನೆಯ ರನ್ನ. ಪ್ರತಿನಾಯಕ ಎಂದರೆ ಲೋಭಿ, ಪಾಪಿ, ವ್ಯಸನಿ ಎಂದು ಮಾಳವದಲ್ಲಿ ಒಬ್ಬ ಲಕ್ಷಣ ಬರೆಯುತ್ತಿದ್ದ ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅವನ ರಾಜನ ಶತ್ರುವಿನ ಆಸ್ಥಾನದಲ್ಲಿ, ಆ ಲಕ್ಷಣದೊಳಗೆ ಹಿಡಿಸದ ದುರ್ಯೋಧನ ಕನ್ನಡದಲ್ಲಿ ಎದ್ದು ನಿಂತ.

ಈ ಕಾವ್ಯಕ್ಕೆ ರನ್ನ ಇಟ್ಟ ಹೆಸರು ‘ಸಾಹಸಭೀಮವಿಜಯಂ’. ನಾವು ಕರೆಯುವುದು ‘ಗದಾಯುದ್ಧ’ ಎಂದು. ಹೆಸರಿನಲ್ಲಿ ಭೀಮನಿದ್ದಾನೆ, ಆಶ್ರಯದಾತನ ಹೋಲಿಕೆ ಭೀಮನಿಗೇ, ಕೊನೆಗೆ ಪಟ್ಟವೂ ಭೀಮನಿಗೇ. ಆದರೂ ನಿಮ್ಮ ಸಹಪಾಠಿ ಸೆಮಿನಾರಿಗೆ ಆರಿಸಿಕೊಂಡದ್ದು ದುರ್ಯೋಧನನನ್ನು. ಏಕೆ ಎಂದು ಯಾರಾದರೂ ಕೇಳಿದರೆ? ಉತ್ತರ ಸರಳ: ರಣರಂಗದಲ್ಲಿ ಕವಿ ನಮ್ಮನ್ನು ಅವನ ಪಕ್ಕದಲ್ಲೇ ನಡೆಸುತ್ತಾನೆ. ಹದಿನೆಂಟನೆಯ ದಿನ, ಸಂಜಯನೊಬ್ಬನೇ ಜೊತೆಗೆ, ಶರಶಯ್ಯೆಯ ಮೇಲಿರುವ ಭೀಷ್ಮನ ಕಡೆಗೆ ಹೆಣಗಳ ನಡುವೆ ಆ ನಡಿಗೆ. ದ್ರೋಣನ ದೇಹ ಸಿಗುತ್ತದೆ, ದುಶ್ಶಾಸನನದು ಸಿಗುತ್ತದೆ, ಮಗ ಲಕ್ಷಣಕುಮಾರನದು ಸಿಗುತ್ತದೆ. ಮಗನ ಮುಂದೆ ನಿಂತು ಅವನು ಹೇಳುವುದು: ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ.’ ಅಪ್ಪನಿಗೆ ಮಗ ತರ್ಪಣದ ನೀರು ಬಿಡುವುದು ಕ್ರಮ, ಅದನ್ನು ತಿರುಗುಮುರುಗು, ಅವನ ಮಾತಿನಲ್ಲಿ ‘ಕ್ರಮವಿಪರ್ಯಯ’, ಮಾಡಿದೆಯಲ್ಲೋ ಮಗನೇ ಎಂದು. ಗಮನಿಸಿ, ಇಲ್ಲಿ ರಾಜ್ಯದ ಮಾತಿಲ್ಲ, ಪಾಂಡವರ ಮಾತಿಲ್ಲ. ಮಗನನ್ನು ಕಳೆದುಕೊಂಡ ಒಬ್ಬ ತಂದೆ ‘ಕ್ರಮ ತಪ್ಪಿತು’ ಎನ್ನುತ್ತಿದ್ದಾನೆ. ಈ ಪದ್ಯವನ್ನು ತರಗತಿಯಲ್ಲಿ ಓದಿದಾಗ ಫ್ಯಾನಿನ ಸದ್ದೂ ಕೇಳಿಸುವಷ್ಟು ನಿಶ್ಶಬ್ದ ಆದದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಅದೇ ದಾರಿಯಲ್ಲಿ ಅಭಿಮನ್ಯುವಿನ ದೇಹ. ತನ್ನ ಪಕ್ಷದವರೇ ಸುತ್ತುವರಿದು ಕೊಂದ ಹುಡುಗ. ಅವನ ಮುಂದೆ ದುರ್ಯೋಧನ ಕೈಮುಗಿದು, ನಿನ್ನ ಸಾಹಸದ ಒಂದಂಶವಾದರೂ ಇರುವ ಸಾವು ನನಗೆ ಬರಲಿ ಎಂದು ಬೇಡಿಕೊಳ್ಳುತ್ತಾನೆ. ಶತ್ರುವಿನ ಮಗನಿಂದ ಸಾವನ್ನು ಸಾಲ ಕೇಳುವವನನ್ನು ಲೋಭಿ ಎನ್ನಲು ನಾಲಗೆ ಏಳುತ್ತದೆಯೇ? ಕರ್ಣನ ಮುಂದೆ ನಿಂತಾಗ ಇನ್ನೊಂದು ಸಂಗತಿ ಹೊರಬೀಳುತ್ತದೆ: ಕರ್ಣ ಕುಂತಿಯ ಮಗನೆಂಬುದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ಇದನ್ನು ಸ್ನೇಹ ಎನ್ನುವಿರೋ ಸ್ವಾರ್ಥ ಎನ್ನುವಿರೋ? ನಿಮ್ಮ ಸಹಪಾಠಿ ಈ ಪದ್ಯವನ್ನು ಮುಟ್ಟಿದ್ದರೆ ಆ ಎರಡು ಪದಗಳಲ್ಲಿ ಯಾವುದನ್ನು ಆರಿಸಿದರು ಎಂದು ಬರೆಯಿರಿ. ಮುಟ್ಟದಿದ್ದರೆ, ಮುಟ್ಟಿದ್ದರೆ ವಾದ ಹೇಗೆ ಬದಲಾಗುತ್ತಿತ್ತು ಎಂದು ಬರೆಯಿರಿ.

ಈಗ ಹಿಂದಿನ ಬೆಂಚಿನ ಹುಡುಗಿಯ ಪ್ರಶ್ನೆ. ಆಕೆ ಕೇಳಿದ್ದು ಬಹಳ ದೊಡ್ಡ ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಕಾವ್ಯದೊಳಗೇ ಇದೆ. ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ದುರ್ಯೋಧನನ ವಿಲಾಪದ ಭಾಗ ಮಾತ್ರ. ಸೆಮಿನಾರೂ ಬಹುಶಃ ಅಲ್ಲಿಂದಲೇ ಶುರುವಾಗಿರಬೇಕು. ಆದರೆ ರನ್ನ ಅಲ್ಲಿಂದ ಶುರುಮಾಡುವುದಿಲ್ಲ. ದುರ್ಯೋಧನ ರಣರಂಗಕ್ಕೆ ಕಾಲಿಡುವ ಮೊದಲೇ ದ್ರೌಪದಿ ಬಂದು ಭೀಮನ ಮುಂದೆ ನಿಂತಿದ್ದಾಳೆ, ಬಿಚ್ಚಿದ ಮುಡಿಯೊಂದಿಗೆ, ಅವನ ಪ್ರತಿಜ್ಞೆಯನ್ನು ನೆನಪಿಸಿ ಕೆಣಕುತ್ತ. ಓದುಗರು ಅಳುವುದಕ್ಕಿಂತ ಮುಂಚೆ ಆ ಮುಡಿಯನ್ನು ನೋಡಿರಬೇಕು ಎಂಬುದು ಕವಿಯ ಜೋಡಣೆ. ನಾವು ವಿಲಾಪವನ್ನಷ್ಟೇ ಕತ್ತರಿಸಿ ಓದಿದ್ದರಿಂದ ಆಕೆ ಕಾಣೆಯಾದಳು. ರನ್ನ ಆಕೆಯನ್ನು ಮರೆತಿರಲಿಲ್ಲ.

ಅಷ್ಟೇ ಅಲ್ಲ, ಅಳುವಿನ ದಾರಿಯಲ್ಲೇ ಅವನು ಆರೋಪವನ್ನೂ ಇಟ್ಟಿದ್ದಾನೆ. ಹೆಣಗಳ ನಡುವೆ ಹೋಗುವಾಗ ರಣರಂಗದ ಮರುಳುಗಳು, ಅಂದರೆ ಪಿಶಾಚಿಗಳು, ದುರ್ಯೋಧನನನ್ನು ಹೀಯಾಳಿಸುತ್ತವೆ. ಪಾಂಡವರೊಂದಿಗೆ ಕೂಡಿ ಬಾಳದೆ ಇಷ್ಟು ಜನರನ್ನು ಕೊಲ್ಲಿಸಿದ ನೀನು ಮರುಳೋ, ನಾವು ಮರುಳೋ ಎಂಬ ಧಾಟಿ. ಹೆಣದ ರಕ್ತ ಕುಡಿಯುವ ಪಿಶಾಚಿಯ ಬಾಯಲ್ಲಿ ವಿವೇಕದ ಮಾತು! ಕನಿಕರ ಹುಟ್ಟಿಸುವ ಕೈಯೇ ಕನಿಕರಕ್ಕೆ ಹದ್ದು ಹಾಕುತ್ತಿದೆ. ಭೀಷ್ಮ ಸಂಧಿ ಮಾಡಿಕೊ ಎಂದಾಗಲೂ ಅವನು ಒಪ್ಪುವುದಿಲ್ಲ. ಒಪ್ಪಿದ್ದರೆ ಅವನು ಬದುಕುತ್ತಿದ್ದ, ಆದರೆ ನಾವು ಅವನನ್ನು ನೆನೆಯುತ್ತಿರಲಿಲ್ಲವೇನೋ. ಕೊನೆಗೆ ವೈಶಂಪಾಯನ ಸರೋವರದಲ್ಲಿ ಅಡಗಿದವನನ್ನು ಭೀಮ ಹೊರಗೆಳೆಯುವ ಆ ಸಾಲು ಹಳ್ಳಿಯ ಹಿರಿಯರಿಗೂ ಬಾಯಿಪಾಠ ಇರುತ್ತಿತ್ತು: ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ.’ ನೀರಿನೊಳಗಿದ್ದೂ ಬೆವರಿದ. ಭೀಮನ ಕೂಗು ಕೇಳಿ ಕಣ್ಣು ಕೆಂಪಾಗಿ ಬೆವರಿದ್ದು. ಅದು ಸಿಟ್ಟಿನ ಬೆವರು, ಭಯದ್ದಲ್ಲ. ಸೆಮಿನಾರಿನಲ್ಲಿ ಯಾರಾದರೂ ಅದನ್ನು ಭಯ ಎಂದಿದ್ದರೆ ‘ಕೋಪಾರುಣನೇತ್ರಂ’ ಎಂಬ ಪದವನ್ನು ತೋರಿಸಿ. ಒಂದೇ ಪದದಿಂದ ಪಾತ್ರ ಆ ಕಡೆಯಿಂದ ಈ ಕಡೆಗೆ ವಾಲುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಬಿ.ಎಂ.ಶ್ರೀ ಗ್ರೀಕ್ ರುದ್ರನಾಟಕಗಳನ್ನು ಓದಿದ ಕಣ್ಣಿನಿಂದ ರನ್ನನನ್ನು ನೋಡಿ ಅವನ ಪದ್ಯಗಳನ್ನೇ ಜೋಡಿಸಿ ‘ಗದಾಯುದ್ಧ ನಾಟಕಂ’ ಮಾಡಿದರು. ದುರ್ಯೋಧನನನ್ನು ‘ದುರಂತ ನಾಯಕ’ ಎಂದು ಕರೆಯುವ ನಮ್ಮ ರೂಢಿ ಗಟ್ಟಿಯಾದದ್ದು ಆ ಕಾಲದ ಓದಿನಿಂದ. ನಿಮ್ಮ ಕಣ್ಣೀರಿನಲ್ಲಿ ರನ್ನನ ಪಾಲಿದೆ, ಶ್ರೀಯವರ ಪಾಲೂ ಇದೆ. ಇದು ನಿಮ್ಮ ಬರಹಕ್ಕೆ ಬೇಕಾಗದೆಯೂ ಇರಬಹುದು, ಆದರೆ ತಿಳಿದಿರಲಿ.

ಕರ್ಣನ ಸೆಮಿನಾರಿಗೆ ಬರೋಣ. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದದ್ದು ತನ್ನ ರಾಜ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ. ಅಂದರೆ ಅರ್ಜುನನನ್ನು ಕಾವ್ಯದ ತುಂಬ ಎತ್ತಿಹಿಡಿಯುವುದು ಅವನ ಹೊಣೆ. ಆದರೆ ಕರ್ಣ ಸತ್ತಾಗ ಅವನು ಬರೆದದ್ದು: ‘ನೆನೆಯದಿರಣ್ಣ ಭಾರತದೊಳಿಂ ಪೆರರಾರುಮನೊಂದೆ ಚಿತ್ತದಿಂ ನೆನೆವೊಡೆ ಕರ್ಣನಂ ನೆನೆಯ.’ ಭಾರತದಲ್ಲಿ ಬೇರೆ ಯಾರನ್ನೂ ನೆನೆಯಬೇಡಣ್ಣ, ನೆನೆಯುವುದಾದರೆ ಕರ್ಣನನ್ನು ನೆನೆ. ಆ ‘ಅಣ್ಣ’ ಎಂಬ ಸಂಬೋಧನೆ ಎಷ್ಟು ಹತ್ತಿರದ್ದು ನೋಡಿ, ಪಕ್ಕದಲ್ಲಿ ಕೂತು ತೋಳು ಮುಟ್ಟಿ ಹೇಳಿದ ಹಾಗೆ. ಕರ್ಣ ದುರ್ಯೋಧನನನ್ನು ಏಕೆ ಬಿಡಲಾರ ಎಂಬುದಕ್ಕೆ ಪಂಪ ಒಂದು ಪುಟ್ಟ ದೃಶ್ಯ ಕೊಡುತ್ತಾನೆ. ಕರ್ಣ, ದುರ್ಯೋಧನನ ಹೆಂಡತಿ ಭಾನುಮತಿ ನೆತ್ತ, ಅಂದರೆ ಪಗಡೆ, ಆಡುತ್ತಿದ್ದಾರೆ. ಆಕೆ ಸೋತಳು, ಪಣ ಕೊಡು ಎಂದು ಇವನು ಕಾಡಿದ, ಎಳೆದಾಟದಲ್ಲಿ ಹಾರ ಹರಿದು ಮುತ್ತು ಚೆಲ್ಲಿತು. ಬಂದ ದುರ್ಯೋಧನ ಕೇಳಿದ್ದು ಒಂದೇ, ಮುತ್ತುಗಳನ್ನು ಆಯ್ದುಕೊಡಲೇ ಎಂದು. ಹೆಂಡತಿಯ ಹಾರ ಗೆಳೆಯನ ಕೈಯಲ್ಲಿ ಹರಿದದ್ದನ್ನು ಕಂಡೂ ಮನಸ್ಸಿನಲ್ಲಿ ಒಂದು ಗೆರೆ ಮೂಡದವನು. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಬೇಡನಲ್ಲವೇ, ಅಂದರೆ ನೀಚನಲ್ಲವೇ, ಎನ್ನುತ್ತಾನೆ ಕರ್ಣ.

ಇದನ್ನು ಕೇಳಿದ ಮೇಲೆ ಕರ್ಣನನ್ನು ಬೈಯಲು ಬಾಯಿ ಬರುವುದಿಲ್ಲ. ಆದರೂ ಹಿಂದಿನ ಬೆಂಚಿನ ಪ್ರಶ್ನೆಯನ್ನು ಇಲ್ಲಿಗೂ ತನ್ನಿ. ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯನ್ನು ಹೀನ ಮಾತಿನಿಂದ ಕರೆದು, ಬಟ್ಟೆ ಕಳಚು ಎಂದು ದುಶ್ಶಾಸನನಿಗೆ ಹೇಳುವವನು ಕರ್ಣನೇ. ಅದೇ ವ್ಯಾಸಭಾರತದ ಉದ್ಯೋಗಪರ್ವದಲ್ಲಿ, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟು ಮಾತುಗಳಿಗಾಗಿ ಈಗ ಬೇಯುತ್ತಿದ್ದೇನೆ ಎಂದು ಕೃಷ್ಣನ ಮುಂದೆ ಹೇಳುವವನೂ ಅವನೇ. ಕರ್ಣನ ಮೇಲಿನ ಪ್ರೀತಿಯಿಂದ ಸೆಮಿನಾರ್ ಮಾಡುವವರು ಮೊದಲನೆಯದನ್ನು ಬಿಡುತ್ತಾರೆ. ಬಿಟ್ಟರೆ ಎರಡನೆಯದಕ್ಕೆ ಅರ್ಥವೇ ಇರುವುದಿಲ್ಲ. ತಪ್ಪು ತೋರಿಸದೆ ಪಶ್ಚಾತ್ತಾಪ ತೋರಿಸಲು ಬರುವುದಿಲ್ಲ. ಪ್ರೀತಿಸುವ ಪಾತ್ರದ ತಪ್ಪನ್ನು ಮುಚ್ಚಿಡುವುದು ಪಾತ್ರಕ್ಕೇ ಮಾಡುವ ಅನ್ಯಾಯ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಕರ್ಣ ನಾಯಕನೋ ಪ್ರತಿನಾಯಕನೋ ಎಂಬ ಚರ್ಚೆಗೆ ಪಂಪ ಬೇರೆಯದೇ ದಾರಿ ತೋರಿಸಿದ್ದಾನೆ. ‘ಛಲದೊಳ್ ದುರ್ಯೋಧನಂ ನನ್ನಿಯೊಳಿನತನಯಂ ಗಂಡಿನೊಳ್ ಭೀಮಸೇನಂ’ ಎಂದು ಶುರುವಾಗುವ ಆ ಪದ್ಯ. ಛಲದಲ್ಲಿ ದುರ್ಯೋಧನ, ಸತ್ಯದಲ್ಲಿ ಕರ್ಣ, ಪೌರುಷದಲ್ಲಿ ಭೀಮ, ಬಲದಲ್ಲಿ ಶಲ್ಯ, ಔನ್ನತ್ಯದಲ್ಲಿ ಭೀಷ್ಮ, ಬಿಲ್ವಿದ್ಯೆಯಲ್ಲಿ ದ್ರೋಣ, ಸಾಹಸದಲ್ಲಿ ಅರ್ಜುನ, ಧರ್ಮದಲ್ಲಿ ಧರ್ಮರಾಯ. ಇವರಿಂದ ಭಾರತ ಲೋಕಪೂಜ್ಯ. ಪಟ್ಟಿಯನ್ನು ಎಣಿಸಿ ನೋಡಿ: ಎಂಟು ಜನರಲ್ಲಿ ಐವರು ಕೌರವರ ಕಡೆಯವರು. ಅರಿಕೇಸರಿಯ ಆಸ್ಥಾನದಲ್ಲಿ ನಿಂತು ಈ ಪದ್ಯ ಬರೆಯಲು ಎದೆ ಬೇಕು. ನಾಯಕ ಯಾರು ಎಂದು ಕೇಳುವ ಬದಲು ಯಾವುದರಲ್ಲಿ ಯಾರು ಹೆಚ್ಚು ಎಂದು ಅವನು ಕೇಳಿದ. ಆದರೆ ಈ ಎಂಟರಲ್ಲಿ ಒಬ್ಬ ಹೆಂಗಸೂ ಇಲ್ಲ ಎಂದು ನಿಮ್ಮ ಗೆಳತಿ ಖಂಡಿತ ಹೇಳುತ್ತಾಳೆ. ಹೇಳಲಿ. ದ್ರೌಪದಿಗೆ ಪಂಪ ಬೇರೆ ಜಾಗ ಇಟ್ಟಿದ್ದಾನೆ: ಮುಡಿ ಕಟ್ಟುವಾಗ ಭೀಮನ ಬಾಯಲ್ಲಿ ಬರುವ ‘ಭವತ್ಕೇಶಪಾಶಪ್ರಪಂಚಂ’ ಎಂಬ ಮಾತು. ಇಡೀ ಭಾರತಕ್ಕೆ ಮೊದಲಾದದ್ದೇ ನಿನ್ನ ಈ ಕೂದಲ ರಾಶಿ, ಅದು ಸಾಮಾನ್ಯವೇ ಎಂದು. ಆ ಜಾಗ ಸಾಕೇ ಸಾಲದೇ ಎಂಬುದನ್ನು ನೀವಿಬ್ಬರೂ ವಾದ ಮಾಡಬಹುದು.

ರಾವಣನ ಸೆಮಿನಾರಿನ ಬಗ್ಗೆ ಒಂದೇ ಒಂದು ವಿಷಯ ಹೇಳುತ್ತೇನೆ, ಅದನ್ನು ಬಹಳ ಜನ ತಪ್ಪಾಗಿ ಹಿಡಿಯುತ್ತಾರೆ. ಕನ್ನಡದಲ್ಲಿ ಜೈನ ರಾಮಾಯಣ ಬರೆದ ನಾಗಚಂದ್ರನ ರಾವಣ ಒಲ್ಲದ ಹೆಣ್ಣನ್ನು ಮುಟ್ಟೆನೆಂಬ ವ್ರತ ಹಿಡಿದವನು. ಸೀತೆ ರಾಮನನ್ನು ನೆನೆದು ಮೂರ್ಛೆ ಹೋದಾಗ ಅವನ ಮನಸ್ಸು ತಿರುಗುತ್ತದೆ. ರಾಮಲಕ್ಷ್ಮಣರನ್ನು ಗೆದ್ದು ತಂದು ಆಕೆಯನ್ನು ಒಪ್ಪಿಸುತ್ತೇನೆ, ಈಗಲೇ ಒಪ್ಪಿಸಿದರೆ ಹೆದರಿದೆ ಎಂದಾಗುತ್ತದೆ ಎನ್ನುತ್ತಾನೆ. ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’, ಕಾಲ ಬಂದಾಗ ಸಮುದ್ರವೂ ಒಮ್ಮೆ ದಡ ಮೀರುವುದಿಲ್ಲವೇ ಎಂಬ ಸಾಲು ಅವನಿಗಾಗಿ ಬರೆದದ್ದು. ಇದನ್ನೆಲ್ಲ ‘ನಾಗಚಂದ್ರನ ಉದಾರತೆ’ ಎಂದಷ್ಟೇ ವಿವರಿಸಿದರೆ ಅರ್ಧ ವಿವರಣೆ. ಜೈನ ಪುರಾಣದ ಚೌಕಟ್ಟೇ ಬೇರೆ. ಅಲ್ಲಿ 63 ಮಂದಿ ಶಲಾಕಾಪುರುಷರು, ಅಂದರೆ ಮಹಾಪುರುಷರು: 24 ತೀರ್ಥಂಕರರು, 12 ಚಕ್ರವರ್ತಿಗಳು, 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು. ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಪ್ರತಿವಾಸುದೇವ, ಅಂದರೆ ವಾಸುದೇವನ ಎದುರಾಳಿ. ಅವನನ್ನು ಕೊಲ್ಲುವವನು ಲಕ್ಷ್ಮಣ, ರಾಮನಲ್ಲ. ಎದುರಾಳಿಗೂ ಮಹಾಪುರುಷರ ಲೆಕ್ಕದಲ್ಲಿ ಜಾಗ ಕೊಟ್ಟ ವ್ಯವಸ್ಥೆ ಇದು. ರನ್ನನೂ ಪಂಪನೂ ಓದಿ ಬೆಳೆದದ್ದು ಇದೇ ಪುರಾಣಗಳನ್ನು. ಎದುರು ಪಕ್ಷದವನನ್ನು ಗೌರವದಿಂದ ನೋಡುವ ಕಣ್ಣು ಅವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ, ಒಂದು ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ರಾವಣನ ಸೆಮಿನಾರನ್ನೂ ದುರ್ಯೋಧನನ ಸೆಮಿನಾರನ್ನೂ ನಿಮ್ಮ ಬರಹದಲ್ಲಿ ಜೋಡಿಸಲು ಈ ದಾರಿ ಹಿಡಿಯಬಹುದು.

ಇನ್ನು ಪ್ರಾಣೇಶಾಚಾರ್ಯ. 1965ರ ಕಾದಂಬರಿ ‘ಸಂಸ್ಕಾರ’ದಲ್ಲಿ ಎದುರಾಳಿ ನಾರಣಪ್ಪ ಕತೆಯ ಮೊದಲಲ್ಲೇ ಪ್ಲೇಗಿಗೆ ಸತ್ತಿದ್ದಾನೆ. ಹೆಣ ಕೊಳೆಯುತ್ತಿದೆ, ಸಂಸ್ಕಾರ ಯಾರು ಮಾಡಬೇಕು ಎಂದು ಅಗ್ರಹಾರ ಕಾಯುತ್ತಿದೆ, ದಾರಿ ಹೇಳಬೇಕಾದ ವೇದಾಂತ ಶಿರೋಮಣಿಗೆ ದಾರಿ ತೋಚುತ್ತಿಲ್ಲ. ನಾರಣಪ್ಪನ ಜೊತೆಗಿದ್ದ ಚಂದ್ರಿಯನ್ನು ಕೂಡಿದ ಮೇಲೆ ಊರು ಬಿಟ್ಟು ನಡೆದವನು ಕೊನೆಯ ಪುಟದಲ್ಲೂ ದೂರ್ವಾಸಪುರದ ಗಾಡಿಯಲ್ಲಿ ಕೂತಿದ್ದಾನೆ. ಹೋಗಿ ಏನು ಹೇಳುತ್ತಾನೋ ನಮಗೆ ಗೊತ್ತಿಲ್ಲ. ದುರ್ಯೋಧನನಿಗೆ ಛಲ ಇತ್ತು, ಇವನಿಗೆ ಅನುಮಾನ ಮಾತ್ರ. ನಿಮ್ಮ ಸಹಪಾಠಿಗಳಲ್ಲಿ ಯಾರಾದರೂ ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದಿದ್ದರೆ ಅಲ್ಲಿ ತಡೆಯಿರಿ. ‘ಓಂ’ನ ಸತ್ಯನಿಗೂ ಇದೇ ಅಳತೆ. 1995ರ ಆ ಸಿನಿಮಾದಲ್ಲಿ ಅರ್ಚಕರ ಮಗ ರೌಡಿಯಾಗುತ್ತಾನೆ, ಆದರೆ ಕ್ಯಾಮೆರಾ ಅವನನ್ನು ಬಿಟ್ಟು ಕದಲುವುದಿಲ್ಲ. ಮಚ್ಚು ಹಿಡಿದವನು ಅನಾಯಕನೇ, ಅಥವಾ ಮಚ್ಚು ಹಿಡಿದ ಹಳೇ ನಾಯಕನೇ? ನನಗೆ ಎರಡನೆಯದು ಸರಿ ಎನಿಸುತ್ತದೆ, ಏಕೆಂದರೆ ನಾವು ಥಿಯೇಟರಿನಲ್ಲಿ ಶಿಳ್ಳೆ ಹೊಡೆದದ್ದು ಅವನ ಅನುಮಾನಕ್ಕಲ್ಲ, ಅವನ ಧೈರ್ಯಕ್ಕೆ.

ಕೊನೆಯದಾಗಿ ಬರೆಯುವ ವಿಧಾನ. ನಾನು ಬೆಳೆದದ್ದು ಕರಾವಳಿಯಲ್ಲಿ. ಆಟಿ ತಿಂಗಳ ಮಳೆಯಲ್ಲಿ ಯಕ್ಷಗಾನದ ಆಟಗಳು ನಿಂತಾಗ ನಮ್ಮ ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ವೇಷವಿಲ್ಲ, ಬಣ್ಣವಿಲ್ಲ, ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕೂತ ಅರ್ಥಧಾರಿಗಳು. ಒಂದು ರಾತ್ರಿ ವಾಲಿವಧೆ. ನಮ್ಮ ಊರಿನ ಒಬ್ಬ ಹಿರಿಯರು ವಾಲಿಯಾಗಿ, ಮರದ ಮರೆಯಿಂದ ಬಾಣ ಬಿಟ್ಟ ನೀನು ಯಾವ ಕ್ಷತ್ರಿಯ ಎಂದು ರಾಮನನ್ನು ಹಿಡಿದು ಕೇಳಿದ ರೀತಿಗೆ ನನಗೆ ರಾಮನ ಮೇಲೆ ಸಿಟ್ಟು ಬಂದಿತ್ತು. ಮುಂದಿನ ವಾರ ಅದೇ ಪ್ರಸಂಗ, ಅದೇ ಹಿರಿಯರು ರಾಮ. ಈಗ ಹೋದ ವಾರದ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಡುತ್ತಿದ್ದರು. ಬೆಳಿಗ್ಗೆ ಕಾಫಿ ಕುಡಿಯುವಾಗ ನಾನು, ಯಾವುದು ನಿಜ ಎಂದು ಕೇಳಿದೆ. ಅವರು ಅದಕ್ಕೆ ಉತ್ತರಿಸಲಿಲ್ಲ. ‘ಎದುರು ಕೂತವನ ಮಾತನ್ನು ಪೂರ್ತಿ ಕೇಳಿಸಿಕೊಳ್ಳದಿದ್ದರೆ ನನಗೆ ಮುಂದಿನ ಮಾತೇ ಹುಟ್ಟುವುದಿಲ್ಲ ಮಾರಾಯ’ ಎಂದರು.

ನಿಮ್ಮ 4 ಪುಟಗಳನ್ನು ಆ ಹಾಗೆ ಬರೆಯಿರಿ. ಐದು ಸೆಮಿನಾರುಗಳನ್ನೂ ಮುಟ್ಟಲು ಹೋಗಬೇಡಿ, ಎರಡು ಮೂರು ಸಾಕು. ಪ್ರತಿಯೊಂದರಲ್ಲೂ ಸಹಪಾಠಿ ಹೇಳಿದ ಒಂದು ವಾಕ್ಯವನ್ನು, ನೆನಪಿದ್ದಷ್ಟು ಹತ್ತಿರವಾಗಿ, ಅವರ ಹೆಸರಿನೊಂದಿಗೆ ಎತ್ತಿ ಬರೆಯಿರಿ. ಅವರ ವಾದವನ್ನು ಅವರೇ ಓದಿ ‘ಹೌದು, ನಾನು ಹೇಳಿದ್ದು ಇದೇ’ ಎನ್ನುವ ಹಾಗೆ ಮೊದಲು ಹೇಳಿ, ಆಮೇಲೆ ನಿಮ್ಮ ಮಾತು. ಸ್ಲೈಡಿನ ಬಣ್ಣ, ಮಾತಿನ ವೇಗ, ಇವು ಬೇಡ. ಅವರು ಪದ್ಯ ಓದಿದ ರೀತಿಯಿಂದ ಅರ್ಥ ಬದಲಾಗಿದ್ದರೆ ಮಾತ್ರ ಅದನ್ನು ಬರೆಯಿರಿ, ಅದು ಬಹಳ ಬೆಲೆಯ ಸಂಗತಿ. ನೀವು ಶುರುಮಾಡುವುದು ಹೀಗಿರಬಹುದು:

‘ಲಕ್ಷಣಕುಮಾರನ ಪದ್ಯ ಓದುವಾಗ ನನ್ನ ಗೆಳೆಯ “ಕ್ರಮವಿಪರ್ಯಯ” ಎಂಬಲ್ಲಿ ತಡೆದು ನಿಂತ. ನನಗೆ ಅಳು ಬಂತು. ಆಮೇಲೆ ದ್ರೌಪದಿಯ ಬಗ್ಗೆ ಪ್ರಶ್ನೆ ಬಂದಾಗ ಅಳು ನಾಚಿಕೆಯಾಗಿ ಮಾರ್ಪಟ್ಟಿತು. ಮನೆಗೆ ಬಂದು ಕಾವ್ಯದ ಮೊದಲ ಭಾಗ ಓದಿದೆ. ಅಲ್ಲಿ ದ್ರೌಪದಿ ನನಗಿಂತ ಮೊದಲೇ ಬಂದು ನಿಂತಿದ್ದಳು.’

ಈ ನಾಲ್ಕೈದು ವಾಕ್ಯ ನನ್ನವು, ಹಾಗೇ ಇಳಿಸಬೇಡಿ. ಲೈಬ್ರರಿಯಲ್ಲಿ ಗದಾಯುದ್ಧದ ಗದ್ಯಾನುವಾದ ಇರುವ ಪ್ರತಿ ಸಿಗುತ್ತದೆ, ದ್ರೌಪದಿ-ಭೀಮರ ಆ ಭಾಗ ಓದಲು ಒಂದು ಮಧ್ಯಾಹ್ನ ಸಾಕು. ಓದುವಾಗ ಹಿಂದಿನ ಬೆಂಚಿನ ಆ ಹುಡುಗಿಯನ್ನೂ ಕರೆದುಕೊಂಡು ಹೋಗಿ. ಆಕೆ ಸೆಮಿನಾರ್ ಕೊಟ್ಟಿರಲಿ, ಕೊಡದಿರಲಿ, ನಿಮ್ಮ ಬರಹದಲ್ಲಿ ಆಕೆಯ ಪ್ರಶ್ನೆಯೂ ಹೆಸರೂ ಇರಬೇಕು.